ಕಾಯುವವನ ಕೆಮ್ಮು

ಶಿಗ್ಗಾಂವಿಯ ಮೋಟಾರ ಸ್ಟ್ಯಾಂಡಿನಿಂದ ಹೈಸ್ಕೂಲಿನವರೆಗಿನ ರಸ್ತೆಯ ಬದಿಗೆ ನಲವತ್ತು ಕುಣಿಗಳಿದ್ದವು. ಅವನ್ನು ವರ್ಷಾ ವರ್ಷಾ ಹೊಸದಾಗಿ ತೋಡುವ ತೊಂದರೆ ಇರಲಿಲ್ಲ. ವನಮಹೋತ್ಸವ ಎಂಬುದು ದೇಶದಲ್ಲಿ ಶುರುವಾದಂದಿನಿಂದ ಊರಿನ ವ್ಯಾಪಾರಸ್ಥರು ಕಟ್ಟಿಕೊಂಡ ಗಿಡದ ಕಮಿಟಿಯು ಆಷಾಢದಲ್ಲಿ ಬ್ಯಾಂಡು ಬಾರಿಸಿ ನಲವತ್ತು ಸಸಿ ನೆಡುತ್ತಿತ್ತು. ದಸರೆಯ ಹೊತ್ತಿಗೆ ಕುಣಿಗಳು ಖಾಲಿಯಾಗಿ, ಬರುವ ವರ್ಷದ ಭಾಷಣಕ್ಕೆ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ನಡುವಿನ ಎರಡು ಮೂರು ತಿಂಗಳು ಊರಿನ ಆಡುಗಳಿಗೆ ಹಬ್ಬ.

ಐವತ್ತೆಂಟನೆಯ ಇಸವಿಯಲ್ಲಿ ಕಮಿಟಿಗೆ ಎರಡು ವಿಚಾರ ಹೊಳೆದವು. ಒಂದೊಂದು ಗಿಡವನ್ನು ಶಾಲೆಯ ಒಂದೊಂದು ಹುಡುಗ ಅಥವಾ ಹುಡುಗಿಯ ಹೆಸರಿಗೆ ವಹಿಸಿಕೊಡುವುದು. ಎಲ್ಲರ ಮೇಲೆ ಗಿಡ ಕಾಯುವ ಒಬ್ಬ ಮಾಳಿಯನ್ನು ಇಡುವುದು. ಮಾಳಿಯ ಕೆಲಸ ಹಂಗಾಮಿ. ಮುಂದಿನ ಯುಗಾದಿಯ ದಿನ ಎಣಿಸಿದಾಗ ನಲವತ್ತರಲ್ಲಿ ಮೂವತ್ತು ಗಿಡ ಜೀವ ಹಿಡಿದಿದ್ದರೆ ಕೆಲಸ ಕಾಯಂ. ಇಪ್ಪತ್ತೊಂಬತ್ತಾದರೆ ಮಾಳಿ ಮನೆಗೆ.

ಈ ಕರಾರಿಗೆ ಹೆಬ್ಬೆಟ್ಟು ಒತ್ತಿದವನು ಗೋಣೆಪ್ಪ. ನಲವತ್ತೈದರ ಆಸುಪಾಸಿನವನು. ಇಪ್ಪತ್ತೈದು ವರ್ಷ ದುಂಡಸಿಯ ಕಡೆಯಿಂದ ಶಿಗ್ಗಾಂವಿಯ ಅಡತಿ ಅಂಗಡಿಗಳಿಗೆ ಶೇಂಗಾ, ಮೆಣಸಿನಕಾಯಿ ಹೇರಿದ ಗಾಡಿಯವನು. ಲಾರಿಗಳು ಬಂದವು, ಎತ್ತುಗಳಿಗೆ ವಯಸ್ಸಾಯಿತು. ಸಾಗವಾನಿಯ ಗಾಡಿ ಮಾತ್ರ ನೊಗವನ್ನು ನೆಲಕ್ಕೂರಿ ಮನೆಯ ಮುಂದೆ ಉಳಿದುಕೊಂಡಿತು. ಹೆಂಡತಿ ದುರಗವ್ವ ಅದರ ಮೇಲೆ ಸೀರೆ ಒಣಹಾಕುತ್ತಿದ್ದಳು.

"ಗಾಡಿ ಹೊಡ್ಯಾವ್ರು ಗಿಡಾ ಏನ ಬೆಳಸ್ತೀರಿ?" ಎಂದಳು ಆಕೆ ಮೊದಲ ದಿನವೇ. "ಗಿಡದ ವಿಷಯದಾಗ ನಿಮಗ ಗೊತ್ತಿದ್ದದ್ದು ಟೊಂಗಿ ಮುರದು ಬಾರಕೋಲ ಮಾಡೂದಷ್ಟ."

"ಅದಕ್ಕ ನೋಡ," ಎಂದ ಗೋಣೆಪ್ಪ. "ಯಾಂವ ಎಲ್ಲಿ ಮುರೀತಾನ ಅನ್ನೂದು ನನಗ ಗೊತ್ತಿರೂದಕ್ಕ ನನ್ನ ಇಟಗೊಂಡಾರ."

ಕಾಯಂ ನೌಕರಿ ಎಂಬ ಮಾತು ಅವನ ಮನೆತನದಲ್ಲಿ ಅಲ್ಲಿಯವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಕಮಿಟಿ ಕೊಟ್ಟ ಖಾಕಿ ಟೊಪ್ಪಿಗೆಯನ್ನು ಅವನು ಮನೆಯೊಳಗೆ ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ.

ಮಹೋತ್ಸವದ ದಿನ ಕಮಿಟಿಯ ಚೇರಮನ್, ಅಡತಿ ವ್ಯಾಪಾರಿ ಲಕ್ಷ್ಮಪ್ಪ ಸಾವಕಾರರು ಒಂದನೆಯ ನಂಬರಿನ ಕುಣಿಯಲ್ಲಿ ಬೇವಿನ ಸಸಿ ನೆಟ್ಟು, ಕೈ ತೊಳೆದುಕೊಂಡು, ಮರಗಳ ಉಪಕಾರದ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಉಳಿದ ಮೂವತ್ತೊಂಬತ್ತನ್ನು ಮಕ್ಕಳು ನೆಟ್ಟರು. ಹಾನಗಲ್ಲಿನಿಂದ ಲಾರಿಯಲ್ಲಿ ಬಿದಿರು ತರಿಸಿ, ಪ್ರತಿ ಗಿಡದ ಸುತ್ತ ಎದೆಮಟ್ಟದ ತಟ್ಟಿ ಹೆಣೆಸಿದ್ದಾಯಿತು.

ಮೊದಲು ಸತ್ತದ್ದು ಸಾವಕಾರರ ಗಿಡವೇ. ಅದಕ್ಕೆ ನೀರು ಹಾಕಲು ಯಾವ ಹುಡುಗನನ್ನೂ ನೇಮಿಸಿರಲಿಲ್ಲ. ಸಾವಕಾರರ ಗಿಡಕ್ಕೆ ಸಾವಕಾರರನ್ನು ಕೇಳದೆ ನೀರು ಹಾಕುವುದು ಹೇಗೆಂದು ಎಲ್ಲರೂ ಅಳುಕಿದರು. ನಾಗರಪಂಚಮಿಗೆ ಅದು ಕಡ್ಡಿಯಾಯಿತು. ಆಮೇಲೆ ಸತ್ತದ್ದು ಐದನೆಯ ಇಯತ್ತೆಯಲ್ಲಿ ಓದುತ್ತಿದ್ದ ಉಡಚಪ್ಪನದು. ಅವನಿಗೆ ತನ್ನ ಗಿಡದ ಮೇಲೆ ಇದ್ದ ಕಾಳಜಿ ಇನ್ನಾರಿಗೂ ಇರಲಿಲ್ಲ. ಬೇರು ಎಷ್ಟು ಬಂದಿದೆ ಎಂದು ಪ್ರತಿ ಸೋಮವಾರ ಕಿತ್ತು ನೋಡಿ ಮತ್ತೆ ಹೂಳುತ್ತಿದ್ದ. ನಾಲ್ಕನೆಯ ಸೋಮವಾರ ನೋಡಲು ಏನೂ ಉಳಿದಿರಲಿಲ್ಲ.

ಮುಂದೆ ಇನ್ನೂ ನಾಲ್ಕು ಒಣಗಿದವು, ಸತ್ತವುಗಳ ತಟ್ಟಿ ಉಳಿದವುಗಳ ರಿಪೇರಿಗೆ ಹೋಯಿತು. ಆದರೆ ಮಿಕ್ಕವು ಹತ್ತಿಕೊಂಡವು. ಮಕ್ಕಳು ಶಾಲೆಗೆ ಬರುವಾಗ ಮನೆಯಿಂದ ಒಂದೊಂದು ತಂಬಿಗೆ ನೀರು ತರಬೇಕೆಂದು ಗೋಣೆಪ್ಪ ನೇಮ ಮಾಡಿದ್ದ. ತಂಬಿಗೆ ಮರೆತವರು ಸ್ಟ್ಯಾಂಡಿನ ಬಾವಿಯಿಂದ ಕೊಡ ಹೊರಬೇಕು. ಅಕ್ಬರಸಾಬ ಎಂಬ ಏಳನೆಯ ಇಯತ್ತೆಯವನು ತನ್ನ ಅವ್ವ ತಿಂಗಳಿಗೊಮ್ಮೆ ಬಲವಂತದಿಂದ ಕುಡಿಯಲು ಕೊಡುತ್ತಿದ್ದ ಔಡಲೆಣ್ಣೆಯನ್ನು ಬಾಯಲ್ಲಿ ಹಿಡಿದು ತಂದು ತನ್ನ ಗಿಡಕ್ಕೆ ಉಗುಳುತ್ತಿದ್ದ. ಸಾಲಿನಲ್ಲಿ ಎಲ್ಲಕ್ಕಿಂತ ದಪ್ಪಗೆ ಬೆಳೆದದ್ದು ಆ ಗಿಡ. ಹನ್ನೆರಡನೆಯ ನಂಬರಿನ ಶಾರವ್ವ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಎದ್ದು ನಿಂತು, "ನನ್ನ ಗಿಡಕ್ಕ ನಿನ್ನೆ ಸಂಜೀಕ ಎಲಿ ಇಪ್ಪತ್ತಾರಿದ್ದುವ್ರಿ, ಇವತ್ತ ಇಪ್ಪತ್ತೆಂಟಾಗ್ಯಾವ್ರಿ" ಎಂದು ವರದಿ ಒಪ್ಪಿಸುತ್ತಿದ್ದಳು. ಎಲೆ ನೂರು ದಾಟಿದ ಮೇಲೆ ಹೆಡ್ ಮಾಸ್ತರರು ವಾರಕ್ಕೊಮ್ಮೆ ಹೇಳಿದರೆ ಸಾಕೆಂದು ಬೇಡಿಕೊಂಡರು.

ದಿನಾ ಒಂಬತ್ತು ಗಂಟೆಗೆ ದಾವಲಬಿ ತನ್ನ ಹದಿನಾಲ್ಕು ಆಡು ಹೊಡೆದುಕೊಂಡು ಆ ದಾರಿಯಲ್ಲೇ ಹೋಗುತ್ತಿದ್ದಳು. ಆಡುಗಳು ತಟ್ಟಿಯ ಮೇಲೆ ಮುಂಗಾಲಿಟ್ಟು, ಒಳಗಿನ ಎಲೆಯನ್ನು ಕಣ್ಣಿನಿಂದಲೇ ತಿಂದು ಮುಂದೆ ಸಾಗುತ್ತಿದ್ದವು.

"ಏನ ಗೋಣೆಪ್ಪಣ್ಣಾ," ಎನ್ನುತ್ತಿದ್ದಳು ದಾವಲಬಿ, "ನಿನ್ನ ಕಾಲಾಗ ನನ್ನ ಆಡು ಸೊರಗಿ ಹೋದ್ವು ನೋಡ. ಇವು ಸಾದಾ ಆಡಲ್ಲ. ಸವಣೂರಾಗ ತಂದೇನಿ. ನವಾಬರ ಊರಿನ್ವು. ಕಂಡದ್ದೆಲ್ಲಾ ತಿನ್ನೂವಲ್ಲ."

"ಹಿಂದಿನ ವರ್ಷ ನಲವತ್ತಕ್ಕ ನಲವತ್ತೂ ತಿಂದಾವಲ್ಲ, ತಾಯೀ."

"ಅವು ಚಲೋ ಇದ್ದುವು, ತಿಂದುವು. ಹೋದ ವಾರ ಸೊಪ್ಪಿನ ಮ್ಯಾಲ ಎಮ್ಮಿ ಸಗಣಿ ಹಾರಿತ್ತು, ಮೂಸಿ ಸೈತ ನೋಡಲಿಲ್ಲ. ಎರಡು ದಿನ ಉಪಾಸ ಬಿದ್ದುವು, ಆದ್ರ ಮುಟ್ಟಲಿಲ್ಲ. ಅಷ್ಟ ಶಿಸ್ತು!"

ಗೋಣೆಪ್ಪ ಆ ಮಾತನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ತಟ್ಟಿ ಗಟ್ಟಿ ಇತ್ತು.

ಶಿವರಾತ್ರಿಗೆ ಎಣಿಸಿದಾಗ ಮೂವತ್ತನಾಲ್ಕು ಗಿಡ ಉಳಿದಿದ್ದವು. ಯುಗಾದಿಗೆ ಒಂದು ತಿಂಗಳು. ದುರಗವ್ವ ಕೂಡ ಒಂದು ದಿನ, "ಉಳದಾವ ಬಿಡ್ರಿ, ನಾನೂ ನೋಡೇನಿ" ಎಂದಳು. ಆಕೆಯ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅದೇ ಸಂಜೆ ಓಣಿಯ ತುದಿಯಲ್ಲಿ ಹುಡುಗರು ಹಲಗಿ ಕಾಸಿ ಬಡಿಯತೊಡಗಿದರು. ಗೋಣೆಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೋಳಿ ಹುಣ್ಣಿಮೆ ಬರುತ್ತಿತ್ತು, ಮತ್ತು ಅವನು ಅದನ್ನು ಮರೆತೇಬಿಟ್ಟಿದ್ದ.

ಕಾಮಣ್ಣನನ್ನು ಸುಡಲು ಕಟ್ಟಿಗೆ, ಕುಳ್ಳು ಬೇಕು. ಅವನ್ನು ಕದ್ದೇ ತರಬೇಕು. ಹುಡುಗರು ಕದಿಯುವುದು, ದೊಡ್ಡವರು ಕಾಯುವುದು, ಕಳೆದುಕೊಂಡವರು ತೆಪ್ಪಗಿರುವುದು — ಇದು ರೂಢಿ. ಒಮ್ಮೆ ಕಾಮಣ್ಣನ ಒಟ್ಟಿಲಿಗೆ ಬಿದ್ದ ಕಟ್ಟಿಗೆಯನ್ನು ಮರಳಿ ತೆಗೆಯುವಂತಿಲ್ಲ, ಕದ್ದವರು ಯಾರೆಂದು ಕೇಳುವಂತಿಲ್ಲ. ಕೇಳಿದವನನ್ನು ಊರು ಬಿಡುವುದಿಲ್ಲ. ಒಣಗಿದ ಹಾನಗಲ್ಲ ಬಿದಿರಿನ ಮೂವತ್ತನಾಲ್ಕು ತಟ್ಟಿಗಳು ಊರಿನ ನಟ್ಟನಡುವೆ, ಕೈಗೆ ಸಿಗುವ ಎತ್ತರದಲ್ಲಿ, ಸಾಲಾಗಿ ನಿಂತಿದ್ದವು. ತಾನು ಹುಡುಗನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಗೋಣೆಪ್ಪನಿಗೆ ಕೇಳಿಕೊಳ್ಳಬೇಕಾಗಲೇ ಇಲ್ಲ. ಅವನಿಗೆ ಗೊತ್ತಿತ್ತು.

ಯಾಕೆಂದರೆ ಆ ಊರಿನಲ್ಲಿ ಅವನಂಥ ಕಳ್ಳ ಹುಟ್ಟಿರಲಿಲ್ಲ. ಮೂವತ್ತು ವರ್ಷದ ಹಿಂದೆ, ಲಕ್ಷ್ಮಪ್ಪ ಸಾವಕಾರರು ಇನ್ನೂ ಬರೀ ಲಕ್ಷ್ಮಪ್ಪನಾಗಿದ್ದಾಗ, ಅವರ ಅಪ್ಪ ಅಂಗಡಿಯ ಮುಂದಿನ ಬೆಂಚು ಕಾಯಲು ಮಗನನ್ನು ಅದರ ಮೇಲೆಯೇ ಮಲಗಿಸಿದ್ದರು. ಬೆಳಿಗ್ಗೆ ಲಕ್ಷ್ಮಪ್ಪ ಎದ್ದದ್ದು ಶೇಂಗಾ ಚೀಲದ ಮೇಲೆ. ಬೆಂಚು ಕಾಮಣ್ಣನ ಮಡಿಲು ಸೇರಿತ್ತು. ತಲೆದಿಂಬನ್ನು ಸಹ ಸರಿಯಾಗಿ ಇಟ್ಟು ಹೋಗಿದ್ದರು. ಲಕ್ಷ್ಮಪ್ಪ ಅಳುತ್ತ ಫೌಜದಾರರ ಬಳಿ ಹೋಗಿ ಫಿರ್ಯಾದಿ ಕೊಟ್ಟ. ಫೌಜದಾರರು ಬಂದು, ಬೂದಿಯ ಮುಂದೆ ನಿಂತು, "ಬೆಂಚು ಗುರುತಿಸು" ಎಂದರು. ಅಂದಿನಿಂದ ಆತ ಬೆಂಚಿನ ಲಕ್ಷ್ಮಪ್ಪ. ಸಾವಕಾರಿಕೆ ಬಂದ ಮೇಲೆ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ; ಎದುರಿಗೆ ಇಲ್ಲದಾಗ ಬೇರೆ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಅಂದು ಲಕ್ಷ್ಮಪ್ಪನ ತಲೆಯ ಕಡೆ ಹಿಡಿದು ಇಳಿಸಿದವನು ಗೋಣೆಪ್ಪ.

ಈಗ ಫೌಜದಾರರ ಬಳಿ ಹೋದರೆ ತಟ್ಟಿ ಗೋಣೆಪ್ಪ ಎನ್ನಿಸಿಕೊಳ್ಳಬೇಕು. ಹೋಗದಿದ್ದರೆ ಕೆಲಸ ಕಳೆದುಕೊಳ್ಳಬೇಕು. ಅವನು ಎರಡು ದಿನ ವಿಚಾರ ಮಾಡಿ, ಹುಡುಗರ ನಾಯಕನನ್ನೇ ಹಿಡಿದ.

ನಾಯಕ ಮೈಲಾರಲಿಂಗಪ್ಪ. ಎಂಟನೆಯ ಇಯತ್ತೆಯಲ್ಲಿ ಎರಡನೆಯ ವರ್ಷ. ಏಳನೆಯ ನಂಬರಿನ ಗಿಡ ಅವನದೇ, ಮತ್ತು ಅದನ್ನು ಚೆನ್ನಾಗಿಯೇ ಬೆಳೆಸಿದ್ದ. ಅವನು ಶಾಲೆಯ ಗೋಡೆಯ ಮೇಲೆ ಕೂತು ಹುಣಸೆಕಾಯಿ ತಿನ್ನುತ್ತಿದ್ದ. ಪಕ್ಕದಲ್ಲಿ ಅಕ್ಬರಸಾಬ.

"ಏ ಮೈಲಾರಿ," ಎಂದ ಗೋಣೆಪ್ಪ, "ಈ ವರ್ಷ ಕಾಮಣ್ಣಗ ಏನು?"

"ಏನೈತಿ ಕಾಕಾ, ಸಿಕ್ಕದ್ದು."

"ನಂದೊಂದು ಸಾಗವಾನಿ ಗಾಡಿ ಐತಿ. ಮನಿ ಮುಂದ ಸುಮ್ಮನ ನಿಂತೈತಿ. ತಗೊಂಡ ಹೋಗ್ರಿ. ತಟ್ಟಿ ಒಂದ ಮುಟ್ಟಬ್ಯಾಡ್ರಿ."

ಮೈಲಾರಿ ಹುಣಸೆಬೀಜ ಉಗುಳಿ, ಅಕ್ಬರಸಾಬನ ಮುಖ ನೋಡಿದ. ಇಬ್ಬರ ಮುಖದಲ್ಲೂ, ದೊಡ್ಡವರೊಬ್ಬರು ಸಭೆಯಲ್ಲಿ ತಪ್ಪು ಮಾತಾಡಿದಾಗ ಆಗುವ ಸಂಕೋಚ ಕಾಣಿಸಿತು.

"ಕೊಟ್ಟದ್ದು ನಡಿಯಂಗಿಲ್ಲಲ್ಲ ಕಾಕಾ," ಎಂದ ಮೈಲಾರಿ ಮೆಲ್ಲಗೆ. "ಕಾಮಣ್ಣಗ ಕದ್ದದ್ದ ಆಗಬೇಕು. ನಿನಗ ನಾವು ಹೇಳೂದನು?"

ಗೋಣೆಪ್ಪನಿಗೆ ನಾಚಿಕೆಯಾಯಿತು. ಹುಡುಗ ಹೇಳಿದ್ದು ಸರಿ. ಅವನ ಕಾಲದಲ್ಲೂ ಒಬ್ಬರು ತಾವಾಗಿಯೇ ಎರಡು ಹೊರೆ ಕಟ್ಟಿಗೆ ಕೊಡಲು ಬಂದಿದ್ದರು. ಹುಡುಗರು ಬೇಡವೆಂದು ವಾಪಸು ಕಳಿಸಿ, ಅದೇ ಸಂಜೆ ಅವರ ಹಿತ್ತಲ ಬಾಗಿಲು ಒಯ್ದಿದ್ದರು.

ಕೊಟ್ಟರೆ ಒಯ್ಯುವುದಿಲ್ಲ, ಸರಿ, ಕಾಯಬೇಕು. ಕಾದರೆ ಕದಿಯುತ್ತಾರೆ. ಗಾಡಿ ಕದಿಯುವ ಸಂಭ್ರಮದಲ್ಲಿ ತಟ್ಟಿ ಮರೆಯುತ್ತಾರೆ. ಗಾಡಿಯ ತೂಕಕ್ಕೆ ತಟ್ಟಿ ಯಾವ ಲೆಕ್ಕ! ಮರುದಿನದಿಂದ ಗೋಣೆಪ್ಪ ಗಾಡಿಯ ಚಕ್ರಕ್ಕೆ ಸರಪಳಿ ಬಿಗಿದ. ಅದಕ್ಕೊಂದು ಬೀಗ ಜಡಿದ. ಬೀಗದ ಕೈಯನ್ನು ಎಲ್ಲರಿಗೂ ಕಾಣುವಂತೆ ಬಾಗಿಲ ಗೂಟಕ್ಕೆ ತೂಗುಹಾಕಿದ. ಓಣಿಯಲ್ಲಿ ಯಾವ ಹುಡುಗ ಹಾದರೂ ಬಾರಕೋಲು ಝಳಪಿಸಿ, "ಗಾಡೀ ಕಡೆ ಕಣ್ಣ ಹಾಕೀರಿ ಅಂದ್ರ ಚರ್ಮ ಸುಲೀತೇನಿ! ಹಳೇ ಸಾಗವಾನಿ ಐತಿ, ಎಣ್ಣಿ ಕುಡದ ಕಟಗಿ, ಬೆಂಕಿ ತಾಗಿದ್ರ ಭಗ್ಗ ಅಂತೈತಿ!" ಎಂದು ಕೂಗುತ್ತಿದ್ದ.

"ಯಾಕ ಹುಡುಗರಿಗೆ ಬುದ್ಧಿ ಕಲಸಾಕತ್ತೀರಿ?" ಎಂದಳು ದುರಗವ್ವ. "ಅವರು ಮರತಿದ್ರೂ ನೀವ ನೆನಪ ಮಾಡ್ತೀರಿ."

"ನಿನಗ ತಿಳಿಯಂಗಿಲ್ಲ, ನೀ ಸುಮ್ಮನಿರ."

"ನನ್ನಪ್ಪ ಕೊಟ್ಟ ಗಾಡಿ ಅದು. ಹೋತು ಅಂದ್ರ ನಿಮ್ಮನ್ನ ನೊಗಕ್ಕ ಕಟ್ಟತೇನಿ."

ಹುಣ್ಣಿಮೆಯ ಹಿಂದಿನ ರಾತ್ರಿ ಗೋಣೆಪ್ಪ ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ. ಸರಪಳಿಯ ಸದ್ದು ಕೇಳಿಸಿತು, ಬೀಗ ತೆರೆದದ್ದು ಕೇಳಿಸಿತು, ಯಾರೋ ಗಾಲಿಯ ಕೀಲಿಗೆ ಎಣ್ಣೆ ಬಿಡುವ ವಾಸನೆಯೂ ಬಂತು. ಹುಡುಗರು ಕಸುಬು ಬಲ್ಲವರು ಎಂದು ಕಂಬಳಿಯೊಳಗೇ ನಕ್ಕು ಮೆಚ್ಚಿಕೊಂಡ. ಆಮೇಲೆ ಬಹಳ ದಿನಗಳ ಮೇಲೆ ಸುಖವಾಗಿ ನಿದ್ದೆ ಹೋದ.

ಬೆಳಿಗ್ಗೆ ದುರಗವ್ವನ ಬೊಬ್ಬೆಗೆ ಎಚ್ಚರವಾಯಿತು. ಗಾಡಿ ಇರಲಿಲ್ಲ. ಗೋಣೆಪ್ಪ ನಾಲ್ಕು ಜನ ನೋಡುವಂತೆ ಎದೆ ಬಡಿದುಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು, ಒಳಗೊಳಗೆ ಹಿಗ್ಗುತ್ತ ಗಿಡಗಳ ರಸ್ತೆಗೆ ಬಂದ.

ರಸ್ತೆಯಲ್ಲಿ ಗಿಡಗಳು ಮಾತ್ರ ಇದ್ದವು. ಮೂವತ್ತನಾಲ್ಕೂ ಆಗತಾನೆ ಸ್ನಾನಕ್ಕೆ ನಿಲ್ಲಿಸಿದ ಮಕ್ಕಳ ಹಾಗೆ ಬರಿಮೈಯಲ್ಲಿ ನಿಂತಿದ್ದವು. ಗೋಣೆಪ್ಪ ಕೆಳಗೆ ನೋಡಿದ. ಧೂಳಿನಲ್ಲಿ ಎರಡು ಗಾಲಿಯ ಜಾಡು. ಎಡಗಾಲಿಯ ಪಟ್ಟಿಯ ಬೆಸುಗೆ ಬಿಟ್ಟ ಗುರುತು ಗಾಲಿಯ ಸುತ್ತಿಗೊಂದು ಮೂಡಿತ್ತು. ಆ ಗುರುತನ್ನು ಅವನು ಇಪ್ಪತ್ತೈದು ವರ್ಷ ಬಲ್ಲ. ಜಾಡು ಎರಡನೆಯ ಗಿಡದ ಬಳಿ ನಿಂತಿತ್ತು, ಮೂರನೆಯದರ ಬಳಿ ನಿಂತಿತ್ತು, ಹೀಗೆ ಹೈಸ್ಕೂಲಿನವರೆಗೂ ಹೋಗಿ ತಿರುಗಿ ಬಂದಿತ್ತು. ಅಷ್ಟು ತಟ್ಟಿಗಳನ್ನು ತಲೆಯ ಮೇಲೆ ಹೊರುವುದಾಗಿದ್ದರೆ ಹುಡುಗರಿಗೆ ಹತ್ತಾದರೂ ಒಯ್ಯುವುದರಲ್ಲಿ ಬೆಳಗಾಗುತ್ತಿತ್ತು. ಗಾಡಿ ಇದ್ದುದರಿಂದ ಒಂದೇ ಖೇಪಿಗೆ ಮುಗಿದಿತ್ತು.

ಚಾವಡಿಯ ಮುಂದಿನ ಬಯಲಿನಲ್ಲಿ ಕಾಮಣ್ಣನ ಒಟ್ಟಿಲು ಮಾಳಿಗೆಯೆತ್ತರ ಎದ್ದಿತ್ತು. ಬಿದಿರೇ ಬಿದಿರು. ಪಕ್ಕದಲ್ಲಿ ಗಾಡಿ ಒಂದು ಗೀರೂ ಇಲ್ಲದೆ ನಿಂತಿತ್ತು. ಮೈಲಾರಿ ಅದರ ಮೂಕಿಯ ಮೇಲೆ ಕೂತಿದ್ದ.

"ಕಾಕಾ ಬಂದಾನ ಏಳ್ರೋ," ಎಂದ. "ಗಾಡಿ ಮನಿಗೆ ಮುಟ್ಟಸೋಣ."

"ಗಾಡಿ ಯಾಕ ಸುಡಲಿಲ್ಲೋ?" ಎಂದ ಗೋಣೆಪ್ಪ.

"ಅದು ಕದ್ದದ್ದಲ್ಲಲ್ಲ. ನೀ ಬೇಕಂತ ಬಿಟ್ಟಿದ್ದಿ."

"ಯಾರ ಹೇಳಿದ್ರು? ನಾ ಜಗಲೀ ಮ್ಯಾಲ ಕಾಯಾಕ ಮಲಗಿದ್ದೆ!"

"ಮಲಗಿದ್ದಿ ಖರೆ. ಆದ್ರ ಒಂದ ಸಲಾನೂ ಕೆಮ್ಮಲಿಲ್ಲ. ಖರೇನ ಕಾಯಾಂವ ಕೆಮ್ತಾನ ಕಾಕಾ. ಕಳ್ಳರು ಬಂದ್ರೇನೋ ಅಂತ ಅಂಜಿಕಿ ಇರ್ತೈತಲ್ಲ, ಅದಕ್ಕ. ನೀ ಕಂಬಳ್ಯಾಗ ಉಸರ ಹಿಡಕೊಂಡ ಮಲಗಿದ್ದಿ. ನಾವು ಕೀಲಿಗೆ ಎಣ್ಣಿ ಬಿಡೂ ಮುಂದ ನೀ ನಕ್ಕಿ. ಆವಾಗ ಗೊತ್ತಾತು, ಇದು ಕೊಟ್ಟದ್ದು ಅಂತ. ಕೊಟ್ಟದ್ದು ಸುಡಬಾರದು. ಎರವಲ ತಗೋಬಹುದು."

ಗೋಣೆಪ್ಪನಿಗೆ ಸಿಟ್ಟಿಗಿಂತ ಮೊದಲು ಬಂದದ್ದು ಒಂದು ನಮೂನೆಯ ಅಭಿಮಾನ. ಈ ಸೂಕ್ಷ್ಮ ತನಗೂ ಆ ವಯಸ್ಸಿನಲ್ಲಿ ಹೊಳೆದಿರಲಿಲ್ಲ. ಸಿಟ್ಟು ಅದರ ಹಿಂದೆಯೇ ಬಂತು.

"ನಿಮ್ಮ ಗಿಡದ ತಟ್ಟಿ ನೀವ ಕದ್ದೀರಲ್ಲೋ! ಎಂಟು ತಿಂಗಳ ನೀರ ಹೊತ್ತೀರಿ, ಒಂದ ದಿನದಾಗ ಆಡಿಗೆ ಹಾಕಿದ್ರಿ!"

"ಇಲ್ಲ ಇಲ್ಲ," ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಮೈಲಾರಿ ಬಿಡಿಸಿ ಹೇಳಿದ: "ನಮ್ಮವು ನಾವು ಕದಿಯೂದು ಕಳವು ಹೆಂಗಾಗತೈತಿ? ನಂದು ಅಕ್ಬರ ಕದ್ದಾನ. ಅಕ್ಬರಂದು ನಾ ಕದ್ದೇನಿ. ಶಾರವ್ವಂದು ಉಡಚಪ್ಪ ಕದ್ದಾನ, ಅವಂದು ಗಿಡಾನ ಇಲ್ಲಂತ."

ಹುಡುಗರು ತಾವೇ ನೊಗಕ್ಕೆ ಹೆಗಲು ಕೊಟ್ಟು ಗಾಡಿಯನ್ನು ಮನೆಗೆ ಎಳೆದು ತಂದರು. ದುರಗವ್ವ ಅವರ ನೆತ್ತಿ ನೇವರಿಸಿ, ಬಂಗಾರದಂಥ ಹುಡುಗರು ಎಂದು ಹರಸಿ, ತಲೆಗೊಂದು ಹೋಳಿಗೆ ಕೊಟ್ಟಳು. ಗೋಣೆಪ್ಪನಿಗೆ ಕೊಡುವಾಗ ಮರೆತಳು. ಆ ದಿನ ಕಾಮಣ್ಣ ಸುಡುವಾಗ ಹಾನಗಲ್ಲ ಬಿದಿರಿನ ಗೆಣ್ಣುಗಳು ಬಂದೂಕಿನ ಹಾಗೆ ಢಂ ಢಂ ಎಂದದ್ದು ಅವನ ಮನೆಯವರೆಗೂ ಕೇಳಿಸಿತು.

ಮರುದಿನ ಒಂಬತ್ತು ಗಂಟೆಗೆ ಅವನು ರಸ್ತೆಗೆ ಓಡಿದಾಗ ದಾವಲಬಿಯ ಆಡುಗಳು ಅವನಿಗಿಂತ ಮೊದಲೇ ಬಂದಿದ್ದವು. ಎರಡು ಗಿಡ ಅಷ್ಟರಲ್ಲೇ ಮುಗಿದಿದ್ದವು. ಪಕ್ಕದಲ್ಲಿದ್ದ ತನ್ನ ಗಿಡದ ಮುಂದೆ ಶಾರವ್ವ ಕಾಲು ಅಗಲಿಸಿ, ಲಂಗ ಬಿಗಿದು, ಮನೆಯ ಪರಕಿ ಹಿಡಿದು ನಿಂತಿದ್ದಳು. ಆಡುಗಳು ಪರಕಿಯನ್ನೂ ರುಚಿ ನೋಡುತ್ತಿದ್ದವು.

"ನಾ ಒಬ್ಬಾಕಿ ಎಷ್ಟಂತ ಕಾಯ್ಲಿ?" ಎಂದಳು ಅಳುದನಿಯಲ್ಲಿ. ಆಮೇಲೆ ದೂರದಲ್ಲಿ ಬರುತ್ತಿದ್ದ ಹುಡುಗರನ್ನು ಕಂಡು ಅಳು ಬಿಟ್ಟು ಕೂಗಿದಳು: "ಬರ್ರೋ ಕಾಮಣ್ಣನ ಮೊಮ್ಮಕ್ಕಳ! ತಟ್ಟಿ ಸುಟ್ರಿ, ಈಗ ನೀವ ತಟ್ಟಿ ಆಗ್ರಿ! ನನ್ನ ಗಿಡದ ಎಲಿ ಮುನ್ನೂರಾ ಹನ್ನೊಂದದಾವ. ಒಂದ ಕಡಿಮಿ ಆದ್ರ ನಿಮ್ಮನ್ಯಾಗ ಬಂದು ಹೇಳ್ತೇನಿ!"

ಮೈಲಾರಿ ಆಡು ತಿಂದ ಎರಡು ಗಿಡಗಳ ಬೋಳು ಕಡ್ಡಿಗಳನ್ನು ನೋಡಿದ. ಅವುಗಳಲ್ಲಿ ಒಂದು ಅಕ್ಬರಸಾಬನದು, ಔಡಲೆಣ್ಣೆ ಕುಡಿದು ಬೆಳೆದದ್ದು. ಅಕ್ಬರಸಾಬ ಕುಣಿಯ ಪಕ್ಕದಲ್ಲಿ ಕೂತುಬಿಟ್ಟ. ಗೋಣೆಪ್ಪ ಬೈಯಲು ಎಂಟು ತಿಂಗಳ ಮಾತು ಕೂಡಿಹಾಕಿಕೊಂಡು ಬಂದಿದ್ದ. ಹುಡುಗನ ಮುಖ ನೋಡಿ ಬಿಟ್ಟುಬಿಟ್ಟ.

ಅಂದಿನಿಂದ ನಾಲ್ಕು ದಿನ ಹುಡುಗರೇ ತಟ್ಟಿಯಾದರು. ಪರೀಕ್ಷೆ ಹತ್ತಿರ ಬಂದಿತ್ತು. ಗಿಡಕ್ಕೊಬ್ಬರಂತೆ ನಿಂತು ಮಗ್ಗಿ, ಇತಿಹಾಸ, ಭೂಗೋಳ ಕೂಗಿ ಕೂಗಿ ಓದಿದರು. ಮೋಟಾರಿನಿಂದ ಇಳಿದ ಪರವೂರಿನವರು ಇದೇನು ರಸ್ತೆಯುದ್ದಕ್ಕೂ ಶಿಕ್ಷೆ ಎಂದು ವಿಚಾರಿಸಿದರು. ಆದರೆ ಶಾಲೆಯ ಗಂಟೆ ಬಾರಿಸಿದ ಮೇಲೆ ಹುಡುಗರು ಒಳಗೆ, ಆಡುಗಳು ಹೊರಗೆ. ಗೋಣೆಪ್ಪ ಒಬ್ಬನೇ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಅವನು ಈ ತುದಿಯಲ್ಲಿದ್ದಾಗ ಆಡುಗಳು ಆ ತುದಿಯಲ್ಲಿರುತ್ತಿದ್ದವು. ಇನ್ನೂ ಒಂದು ಗಿಡ ಹೋಯಿತು. ಮೂವತ್ತೊಂದು.

"ಓಡಬ್ಯಾಡ ಅಣ್ಣಾ, ಎದಿ ಒಡದೀತು," ಎಂದಳು ದಾವಲಬಿ ರಸ್ತೆಯ ಬದಿಗೆ ಕೂತು ಎಲೆ ಅಡಿಕೆ ಹಾಕುತ್ತ. "ತಿನ್ನೂವು ತಿಂದ ಬಿಡಲಿ. ನವಾಬರ ಮನಿ ಬಾಯಿ, ಚಲೋದ ಬೇಡತೈತಿ."

ಗೋಣೆಪ್ಪ ಓಡುವುದನ್ನು ನಿಲ್ಲಿಸಿದ. ಎದೆ ಒಡೆಯುವ ಹೆದರಿಕೆಯಿಂದಲ್ಲ. ನವಾಬರ ಮನೆಯ ಬಾಯಿ ಏನನ್ನು ಮುಟ್ಟುವುದಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

ಮರುದಿನ ರಂಗಪಂಚಮಿ, ಬಣ್ಣದ ಆಟ. ಆ ಸಂಜೆಯೇ ಅವನು ಮತ್ತೆ ಶಾಲೆಯ ಗೋಡೆಯ ಬಳಿ ಬಂದ. ಈ ಸಲ ಉಪಾಯ ಹೂಡಲು ಹೋಗಲಿಲ್ಲ. ಈ ಹುಡುಗರ ಮುಂದೆ ತನ್ನ ಉಪಾಯ ನಡೆಯುವುದಿಲ್ಲ ಎಂಬುದನ್ನು ಅವನು ಒಪ್ಪಿಕೊಂಡಿದ್ದ.

"ಮೈಲಾರೀ, ನನಗ ಒಂದ ಕೆಲಸ ಆಗಬೇಕು. ನಾಳೆ ಬಣ್ಣಾ ಪ್ಯಾಟ್ಯಾಗ ಆಡಬ್ಯಾಡ್ರಿ. ಗಿಡದ ರಸ್ತೇದಾಗ ಆಡ್ರಿ. ಬಣ್ಣ ಅಲ್ಲ. ಸಗಣಿ."

"ಸಗಣಿ?"

"ಸಗಣಿ ಕಲಸಿದ ರಾಡಿ. ಕಾಮಣ್ಣನ ಬೂದಿ ಸೇರಿಸ್ರಿ. ಗಿಡಕ್ಕ ಬೀಳಬೇಕು, ಎಲಿ ಎಲಿಗೆ ಬೀಳಬೇಕು. ನಡುವ ಮನಶಾರು ಬಂದ್ರ ಅದು ಅವರ ಹಣೇಬಾರ. ಆಡು ಮೂಸಿ ನೋಡಬಾರದು. ಮೂವತ್ತೊಂದದಾವ. ಇನ್ನ ಎರಡು ಹೋದ್ರ ನಾ ಮನಿಗೆ ಹೋಗ್ತೇನಿ, ಟೊಪಗಿ ಕಮಿಟಿಗೆ ಹೋಗತೈತಿ."

ದೊಡ್ಡವರೊಬ್ಬರು ಬಂದು, ದಯವಿಟ್ಟು ಊರಿನ ಮುಖ್ಯ ರಸ್ತೆಯಲ್ಲಿ ಸಗಣಿ ಎರಚಿರಿ ಎಂದು ಕೇಳಿಕೊಂಡದ್ದು ಆ ಹುಡುಗರ ಬಾಳಿನಲ್ಲಿ ಅದೇ ಮೊದಲು. ಅನುಮಾನದಿಂದ ಅವನ ಸುತ್ತ ಒಂದು ಸುತ್ತು ಬಂದರು.

"ಇದರಾಗ ಮೋಸ ಇಲ್ಲಲ್ಲ ಕಾಕಾ?" ಎಂದ ಅಕ್ಬರಸಾಬ.

"ಇಲ್ಲಪಾ. ನಿನ್ನ ಗಿಡದ ಆಣಿ."

ಮರುದಿನದ ಆಟವನ್ನು ಶಿಗ್ಗಾಂವಿ ಬಹಳ ದಿನ ಮರೆಯಲಿಲ್ಲ. ಹುಡುಗರು ಬೆಳಗಾಗುವುದರೊಳಗೆ ನಾಲ್ಕು ಓಣಿಯ ದನದ ಕೊಟ್ಟಿಗೆಗಳನ್ನು ಕನ್ನಡಿಯಂತೆ ಬಳಿದು ಬಂದಿದ್ದರು; ಹೆಂಗಸರು ಯಾರ ಪುಣ್ಯವೋ ಎಂದುಕೊಂಡರು. ಗೋಣೆಪ್ಪನ ಗಾಡಿಯ ಮೇಲೆ ಆರು ಕೊಪ್ಪರಿಗೆ ರಾಡಿ ಹೊರಟಿತು. ಈ ಸಲ ಕೇಳಿಯೇ ಒಯ್ದಿದ್ದರು. ಹುಡುಗಿಯರು ಬಾವಿಯಿಂದ ನೀರು ಸೇದಿ ಕೊಟ್ಟರು. ಶಾರವ್ವ ತನ್ನ ಗಿಡಕ್ಕೆ ಬೇರೆ ಯಾರೂ ಎರಚಕೂಡದೆಂದು ಕೈಯಾರೆ ಎಲೆ ಎಲೆಗೂ ಸವರಿದಳು, ಸವರುತ್ತ ಎಣಿಸಿದಳು. ಟಪಾಲಿನವನು ಚೀಲವನ್ನು ತಲೆಯ ಮೇಲೆ ಹೊತ್ತು ಓಡಿದ. ಫಕ್ರುಸಾಬನ ಟಾಂಗಾದ ಬಿಳಿ ಕುದುರೆ ಹಸಿರಾಗಿ ಸ್ಟ್ಯಾಂಡು ಸೇರಿತು. ಬಣ್ಣದ ದಿನ ಯಾರೂ ಸಿಟ್ಟಾಗುವಂತಿಲ್ಲ ಎಂಬುದೂ ರೂಢಿಯೇ ಆದ್ದರಿಂದ ಎಲ್ಲರೂ ಹಲ್ಲು ಕಡಿದು ನಕ್ಕರು.

ಮರುದಿನ ಒಂಬತ್ತು ಗಂಟೆಗೆ ಆಡುಗಳು ಬಂದವು. ಮೊದಲ ಗಿಡಕ್ಕೆ ಮೂಗು ಚಾಚಿದವು. ತುಟಿ ಮೇಲಕ್ಕೆ ಮಡಿಸಿ, ಮುಗಿಲು ನೋಡಿ, ಒಂದರ ಹಿಂದೆ ಒಂದು ರಸ್ತೆಯ ಆ ಬದಿಗೆ ದಾಟಿಕೊಂಡವು. ದಾವಲಬಿ ಒಂದು ಗಳಿಗೆ ನಿಂತು ನೋಡಿದಳು.

"ಅರೆ ಗೋಣೆಪ್ಪಣ್ಣಾ, ಈ ವಿದ್ಯಾ ಯಾರ ಕಲಿಸಿದ್ರೋ ನಿನಗ?"

"ನೀನ, ತಾಯೀ," ಎಂದ ಗೋಣೆಪ್ಪ. ಆಕೆ ಆ ದಿನವೆಲ್ಲ ಆಡುಗಳೊಡನೆ ಮಾತು ಬಿಟ್ಟಳೆಂದು ಕೇಳಿದವರಿದ್ದಾರೆ.

ರಾಡಿ ಒಣಗಿ ಉದುರತೊಡಗಿದರೆ ಹುಡುಗರು ಎರಡು ದಿನಕ್ಕೊಮ್ಮೆ ಮತ್ತೆ ಹಚ್ಚಿದರು. ಯುಗಾದಿಯ ಬೆಳಿಗ್ಗೆ ಲಕ್ಷ್ಮಪ್ಪ ಸಾವಕಾರರು ಹೊಸ ಧೋತರ ಉಟ್ಟು, ರುಮಾಲು ಸುತ್ತಿ ಎಣಿಸಲು ಬಂದರು. ಗೋಣೆಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಹಿಂದೆ ನಿಂತ. ಮಕ್ಕಳು ತಮ್ಮ ತಮ್ಮ ಗಿಡದ ಬಳಿ ನಿಂತಿದ್ದರು. ಗಿಡ ಇಲ್ಲದವರು ಸಾವಕಾರರ ಸುತ್ತ ನಿಂತರು.

ಸಾವಕಾರರು ಒಂದನೆಯ ನಂಬರಿನ ಕುಣಿಯನ್ನು ನೋಡಿದರು. ಅದು ಖಾಲಿ ಇತ್ತು. ತಾವು ನೆಟ್ಟದ್ದು ನೆನಪಾಗಿರಬೇಕು. ಎರಡನೆಯದಕ್ಕೆ ನಡೆದರು. ನಾಲ್ಕನೆಯದರ ಹೊತ್ತಿಗೆ ಮೂಗಿಗೆ ಶಲ್ಯ ಹಿಡಿದುಕೊಂಡರು. ಹೊಸ ಧೋತರ ತಾಗೀತೆಂದು ಉಳಿದವನ್ನು ರಸ್ತೆಯ ನಡುವಿನಿಂದಲೇ ಎಣಿಸಿದರು. ಸಂಶಯ ಬಂದ ಕಡೆ ಶಾರವ್ವ, "ಜೀವ ಐತ್ರಿ, ಇದಕ್ಕ ನೂರಾ ಎಂಬತ್ತ ಎಲಿ ಅದಾವ್ರಿ, ಬಂದು ಎಣಿಸ್ರಿ" ಎನ್ನುತ್ತಿದ್ದಳು. ಸಾವಕಾರರು ನಂಬುವುದೇ ಮೇಲೆಂದು ನಂಬಿದರು.

"ಮೂವತ್ತೊಂದು," ಎಂದರು ಕೊನೆಗೆ. ಆದರೆ ಸಾವಕಾರರು ವ್ಯಾಪಾರಿ. ಲೆಕ್ಕ ಮುಗಿದ ಮೇಲೂ ಅಂಗಡಿಯನ್ನೊಮ್ಮೆ ತಿರುಗಿ ನೋಡುವವರು. ತಿರುಗಿ ನೋಡಿದರು. ಹುಬ್ಬು ಗಂಟಾಯಿತು.

"ಗೋಣೆಪ್ಪಾ, ಹಾನಗಲ್ಲಿನಿಂದ ಬಿದಿರ ತರಿಸಿ ತಟ್ಟಿ ಹೆಣಸಿದ್ವಿ. ತಟ್ಟಿ ಎಲ್ಲಿ?"

ಗೋಣೆಪ್ಪ ನೆಲ ನೋಡಿದ. ಉತ್ತರ ಹೇಳಿದರೆ ಹುಡುಗರ ಹೆಸರು ಹೇಳಬೇಕು. ಹೇಳದಿದ್ದರೆ ತಟ್ಟಿ ಕಾಯಲಾರದವನು ಕಾಯಂ ಹೇಗಾದಾನು? ಅಷ್ಟರಲ್ಲಿ ಹೈಸ್ಕೂಲಿನ ಕಡೆಯಿಂದ ಮೈಲಾರಿ ಮತ್ತು ಅಕ್ಬರಸಾಬ ಏನನ್ನೋ ಹೊತ್ತು ಬಹಳ ವಿನಯದಿಂದ ಬಂದರು. ತಂದು ಸಾವಕಾರರ ಹಿಂದೆ ಇಟ್ಟರು. ಶಾಲೆಯ ಬೆಂಚು.

"ಬಿಸಲಾಗ ನಿಂತು ದಣದೀರಿ ಸಾವಕಾರ್ರ," ಎಂದ ಮೈಲಾರಿ. "ಬೆಂಚ ತಂದೇವಿ, ಕುಂದರ್ರಿ. ತಟ್ಟಿ ಕಾಮಣ್ಣಗ ಹೋದ್ವು. ಯಾರ ಒಯ್ದ್ರು ಏನು, ಫೌಜದಾರರನ್ನ ಕರಸಿ ಕೇಳೂದನ್ರಿ?"

ಸುತ್ತ ನಿಂತ ದೊಡ್ಡವರಲ್ಲಿ ಇಬ್ಬರು ಮೂವರಿಗೆ ತುರ್ತಾಗಿ ಬೇರೆ ಕಡೆ ನೋಡಬೇಕಾಯಿತು. ಸಾವಕಾರರು ಬೆಂಚನ್ನು ನೋಡಿದರು. ಹುಡುಗರನ್ನು ನೋಡಿದರು. ಗೋಣೆಪ್ಪನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಮೂವತ್ತು ವರ್ಷದ ಹಿಂದೆ ತಲೆಯ ಕಡೆ ಹಿಡಿದಿದ್ದವನು ಯಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಅವರು ಆಗಲೂ ಕೇಳಲಿಲ್ಲ.

"ಹಬ್ಬದ ದಿನ ಕುಂದರಾಕ ಪುರಸತ್ತಿಲ್ಲ," ಎಂದರು. ನಿಂತೇ ಕಾಯಂ ಹುಕುಮಿನ ಕಾಗದ ತೆಗೆದು, ಮೈಲಾರಿಯ ಬೆನ್ನ ಮೇಲಿಟ್ಟು ಸಹಿ ಮಾಡಿ ಗೋಣೆಪ್ಪನಿಗೆ ಕೊಟ್ಟರು. ಬೇಗ ಬೇಗ ನಡೆದುಹೋದರು. ಸಹಿ ಸ್ವಲ್ಪ ಅಂಕುಡೊಂಕು ಬಂದಿತ್ತು. ಮೈಲಾರಿ ನಗು ತಡೆಯುತ್ತಿದ್ದ.

ಗೋಣೆಪ್ಪ ಕಾಗದವನ್ನು ಮಡಿಸಿ ಟೊಪ್ಪಿಗೆಯೊಳಗಿಟ್ಟ, ಟೊಪ್ಪಿಗೆಯನ್ನು ತಲೆಗಿಟ್ಟ. ಸಾಲು ಗಿಡಗಳನ್ನೊಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದ. ಅಕ್ಬರಸಾಬ ತನ್ನ ಕಡ್ಡಿಯ ಬುಡದಲ್ಲಿ ಮಂಡಿಯೂರಿ ಕೂತಿದ್ದ. ಬುಡದಿಂದ ಅಕ್ಕಿಕಾಳಿನಷ್ಟು ಕೆಂಪು ಚಿಗುರು ಬಂದಿತ್ತು. ಮೂವತ್ತೆರಡು ಅನ್ನಬಹುದಿತ್ತು.

"ಕಾಕಾ," ಎಂದ ಮೈಲಾರಿ ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತ, "ಈಗ ನೀ ಕಾಯಂ ಆದಿ. ಬರೂ ವರ್ಷಕ್ಕ ಹಾನಗಲ್ಲ ಬಿದಿರಿನ್ವು ಹೊಸಾ ತಟ್ಟಿ ಹಾಕಸ್ತಾರನು?"

ಗೋಣೆಪ್ಪ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ರಸ್ತೆಯ ಆ ತುದಿಗೂ ಕೇಳುವಂತೆ, ಎರಡು ಸಲ ಕೆಮ್ಮಿದ.